ಉಂಡ ಮೇಲೆ ಹೇಳುವ ಸುದ್ದಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬಳಗಕ್ಕೆಲ್ಲ ಗೊತ್ತು. ಅದರಲ್ಲೂ ಫೋನು ಮುಂದೆ ಹಿಡಿದು "ಇದು ಖರೇ ಏನ್ರಿ?" ಎಂದು ಕೇಳುವವರನ್ನು ಕಂಡರೆ ಅದು ಬಾಯಿಗೇ ಬಂದುಬಿಡುತ್ತದೆ. ಸುಮ್ಮನೆ ಅಲ್ಲ. ನಾನು ಹುಬ್ಬಳ್ಳಿಯ ಒಂದು ರಕ್ತ ತಪಾಸಣೆ ಮಾಡುವ ಲ್ಯಾಬಿನಲ್ಲಿ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂಡುತ್ತೇನೆ. ಜನ ಲಕೋಟೆ ಇಸಿದುಕೊಂಡವರೇ ಅಲ್ಲೇ ಹರಿದು, ದಪ್ಪ ಅಕ್ಷರದಲ್ಲಿ ಇದ್ದದ್ದನ್ನು ಫೋನಿಗೆ ಕೇಳುತ್ತಾರೆ. ಫೋನು ಅವರಿಗೆ ಇಲ್ಲದ ರೋಗಗಳನ್ನೆಲ್ಲ ಕೊಡುತ್ತದೆ. ಬಾಗಿಲು ದಾಟುವಷ್ಟರಲ್ಲಿ ಮುಖ ಬಾಡಿರುತ್ತದೆ, ಹೊರಳಿ ಬಂದು ನನ್ನ ಮುಂದೆ ಕಣ್ಣೀರು ಹಾಕುತ್ತಾರೆ. ಡಾಕ್ಟರ ಬಾಯಿಂದ ಬರುವವರೆಗೆ ಏನೂ ನಂಬಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ.

ಹೀಗಾಗಿ ಸುದ್ದಿಯನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು ಎಂಬ ಜಂಬವೊಂದು ನನ್ನಲ್ಲಿ ಬೆಳೆದಿತ್ತು. ಅದನ್ನು ಮನೆಗೂ ತಂದೆ, ಅವ್ವನಿಗೂ ಕಲಿಸಿದೆ. ಕಲಿಸಿದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಆದರೆ ಅದರಿಂದ ಆದದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಅವ್ವ ಹೆಬ್ಬಳ್ಳಿಯ ಒಕ್ಕಲುತನದ ಮನೆಯ ಹಿರೇಮಗಳು. ನಾನು ಸಣ್ಣವಳಿದ್ದಾಗ ನಾವು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆಗೆ ಇದ್ದೆವು. ಅಪ್ಪನ ನೌಕರಿಯ ದೆಸೆಯಿಂದ ಮನೆಗೆ ಒಂದು ಫೋನು ಬಂದಿತ್ತು, ಇಡೀ ಓಣಿಗೆ ಅದೊಂದೇ. ಓಣಿಯವರ ಸುದ್ದಿಯೆಲ್ಲ ನಮ್ಮ ಮನೆಗೇ ಬರುತ್ತಿತ್ತು, ಅದನ್ನು ಮುಟ್ಟಿಸುವುದು ಅವ್ವನ ಪಾಲಿಗೆ. ಹೆರಿಗೆಯೋ ನೌಕರಿಯೋ ಆದರೆ ಬಾಗಿಲಲ್ಲೇ ನಿಂತು ಕೂಗಿಬಿಡುತ್ತಿದ್ದಳು. ಸಾವಿನ ಸುದ್ದಿ ಬಂದರೆ ಮಾತ್ರ ರಿಸೀವರ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗದವಳ ಹಾಗೆ ಹೊರಡುತ್ತಿದ್ದಳು. ಆ ಮನೆಗೆ ಹೋಗಿ ಮೊದಲು ಕೇಳುವುದು ಊಟ ಆಯಿತೇ ಎಂದು.

ಬಾಜು ಮನೆಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಒಬ್ಬರಿದ್ದರು. ಅವರ ಹೆಂಡತಿಯನ್ನು ನಾವು ಚಾಚಿ ಎನ್ನುತ್ತಿದ್ದೆವು. ಚಾಚಿಯ ತಂದೆ ತೀರಿಕೊಂಡ ಸುದ್ದಿ ಬಂದ ದಿನ ಅವ್ವ ತಾಟಿನಲ್ಲಿ ಅನ್ನ, ಸಾರು ಹಾಕಿಕೊಂಡು ಅವರ ಮನೆಗೆ ಹೋದಳು. ಇವತ್ತು ಸಾರು ಬಹಳ ಛಲೋ ಆಗಿದೆ, ನೀವೇ ತಿಂದು ಹೇಳಬೇಕು ಎಂದು ಕಣ್ಣೆದುರೇ ಉಣ್ಣಿಸಿದಳು. ಚಾಚಿ ಕೈತೊಳೆದು ಬಂದ ಮೇಲೆ ಅವರ ಕೈ ಹಿಡಿದುಕೊಂಡು ಹೇಳಿದಳು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ನಮ್ಮ ಕಡೆ ಹಿರಿಯರೆಲ್ಲ ನಡೆಸಿಕೊಂಡು ಬಂದ ರೀತಿ ಅದು. ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣಾಗುವವರೆಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಹಾದಿ ದೂರ ಇರುತ್ತದೆ, ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಅದಕ್ಕೇ ಮೊದಲು ಹೊಟ್ಟೆಗೆ ಹಾಕಬೇಕು, ಆಮೇಲೆ ಎದುರಿಗೆ ಕೂತು ಬಾಯಿಂದಲೇ ಹೇಳಬೇಕು.

ಈಗ ನಾವು ನವನಗರದಲ್ಲಿದ್ದೇವೆ, ನಾನು ಅವ್ವ ಇಬ್ಬರೇ. ಅಪ್ಪ ಹೋಗಿ ಬಹಳ ವರ್ಷವಾಯಿತು. ನಾನು ಮದುವೆ ಆಗಲಿಲ್ಲ, ಆ ಕತೆ ಇಲ್ಲಿ ಬೇಡ. ನಾನು ಡ್ಯೂಟಿಗೆ ಹೋದರೆ ಅವ್ವನಿಗೆ ಹೊತ್ತು ಹೋಗುವುದಿಲ್ಲವೆಂದು ಒಂದು ಫೋನು ಕೊಡಿಸಿದೆ. ಅದರಲ್ಲಿ ಬಳಗದವರ ಗ್ರೂಪು, ತವರಿನವರ ಗ್ರೂಪು, ಭಜನೆಯವರ ಗ್ರೂಪು. ಬೆಳಗಾದರೆ ಸಾಕು, ಕಷಾಯ, ಪವಾಡ, ಪ್ರವಾಹ, ಯಾರದೋ ಕಳೆದುಹೋದ ಮಗು, ಯಾವುದೋ ಊರಿನ ಜಗಳ ಎಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದವು. ಒಂದು ಕಾಲಕ್ಕೆ ಓಣಿಯ ಸುದ್ದಿಯನ್ನೆಲ್ಲ ತೂಗಿ ತೂಗಿ ಹಂಚಿದ ಹೆಂಗಸು, ಆ ರಾಶಿಯ ಮುಂದೆ ಕಣ್ಣುಕಣ್ಣು ಬಿಡುತ್ತ ಕೂಡುತ್ತಿದ್ದಳು. ಕಳೆದುಹೋದ ಮಗುವಿಗಾಗಿ ಖರೇನೇ ಅಳುತ್ತಿದ್ದಳು. ಆ ಮಗು ಅಷ್ಟರಲ್ಲಿ ಸಿಕ್ಕು, ಬೆಳೆದು, ಕಾಲೇಜಿಗೆ ಹೋಗುತ್ತಿರಬಹುದು ಎಂದರೆ ನನಗೇ ಬೈಯುತ್ತಿದ್ದಳು.

ಅವಳಿಗೆ ಎಲ್ಲರಿಗಿಂತ ಹೆಚ್ಚು ಕಳಿಸುತ್ತಿದ್ದವನು ಹೆಬ್ಬಳ್ಳಿಯಲ್ಲಿದ್ದ ಅವಳ ತಮ್ಮ, ನನ್ನ ಸೋದರಮಾವ. ಅವ್ವ ಅವನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ಮಾಮಾ ನಸುಕಿನಲ್ಲೆದ್ದು ಎಮ್ಮೆ ಹಿಂಡುವುದಕ್ಕೂ ಮೊದಲು ಅಕ್ಕನಿಗೆ ಒಂದು ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದ, ಮೇಲೆ ಶುಭೋದಯ ಎಂದು ಬರೆದದ್ದು. ಆಮೇಲೆ ದಿನವಿಡೀ ಸಿಕ್ಕದ್ದೆಲ್ಲ. ಅವ್ವ ಅವನಿಗೆ ಫೋನು ಹಚ್ಚಿ, ನಿನಗೆ ಕೆಲಸ ಇಲ್ಲವೇನೋ ಎಂದು ಗದರಿಸುತ್ತಿದ್ದಳು. ಅವನಿಗೆ ಬೇಕಾಗಿದ್ದದ್ದೂ ಅದೇ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ದಿನ ಅಪ್ಪನ ಕಡೆಯ ಒಬ್ಬ ಕಾಕಾನಿಗೆ ಅರವತ್ತು ತುಂಬಿತು. ಅವನ ಮಗಳು ತನ್ನ ಅಪ್ಪನಿಗೆ ದೊಡ್ಡ ಮಾಲೆ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆದು ಬಳಗದ ಗ್ರೂಪಿಗೆ ಹಾಕಿದಳು. ಕೆಳಗೆ ಒಂದಕ್ಷರ ಬರೆಯಲಿಲ್ಲ. ಮೊದಲು ನೋಡಿದವರು ಕೈಮುಗಿದ ಚಿತ್ರ ಹಾಕಿದರು. ಎರಡನೆಯವರು ಮಾಲೆಯನ್ನೂ ಕೈಮುಗಿದದ್ದನ್ನೂ ಕೂಡಿಸಿ ನೋಡಿ ಓಂ ಶಾಂತಿ ಎಂದು ಬರೆದರು. ಮುಗಿಯಿತು. ಇಡೀ ಬಳಗ ಸಾಲು ಹಚ್ಚಿ ನಿಂತಿತು. ಎಂಥಾ ಮನುಷ್ಯ, ದೇವರು ಮನೆಯವರಿಗೆ ದುಃಖ ಸಹಿಸುವ ಶಕ್ತಿ ಕೊಡಲಿ, ಮತ್ತೆ ಹುಟ್ಟಿ ಬಾ. ಮಧ್ಯಾಹ್ನದ ಮೇಲೆ ಆ ಕಾಕಾನೇ ನೋಡಿ, "ನಾ ಇನ್ನೂ ಅದೇನಿ, ಹೋಳಿಗಿ ಉಣ್ಣಾಕತ್ತೇನಿ" ಎಂದು ಬರೆದ. ನಾನೂ ಜೊತೆಯವರೂ ಲ್ಯಾಬಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಂಜೆ ಮನೆಗೆ ಬಂದರೆ ಒಲೆ ಹೊತ್ತಿರಲಿಲ್ಲ. ಅವ್ವ ಕಾಕಾ ಬರೆದದ್ದನ್ನು ನೋಡಿಯೇ ಇರಲಿಲ್ಲ, ಬೆಳಗಿನಿಂದ ನೀರು ಸಹ ಕುಡಿಯದೆ ಅತ್ತು ಅತ್ತು ಕಣ್ಣು ಬಾತುಕೊಂಡು ಕೂತಿದ್ದಳು. ಗುಳಿಗೆ ತೆಗೆದುಕೊಂಡಿರಲಿಲ್ಲ. ಅವಳಿಗೆ ಬಿ.ಪಿ. ಇದೆ. ಏಳಲು ಹೋಗಿ ತಲೆ ತಿರುಗಿ ನನ್ನ ಮೇಲೆಯೇ ಬಿದ್ದಳು.

ನನ್ನ ನಗು ಅಲ್ಲೇ ಸತ್ತಿತು. ಅವಳನ್ನು ಮಲಗಿಸಿ, ಉಣ್ಣಿಸಿ, ಎದುರಿಗೆ ಕೂತು ಹೇಳಿದೆ.

"ಅವ್ವಾ, ಇನ್ನ ಮ್ಯಾಲೆ ಫೋನಿನ್ಯಾಗ ಏನರೆ ಬರಲಿ, ನಂಬಬ್ಯಾಡ. ನಾ ಬಾಯಿ ಬಿಟ್ಟು ಹೇಳಿದ್ರಷ್ಟ ಖರೇ. ತಿಳೀತಿಲ್ಲೋ?"

ಅವ್ವ ಒಮ್ಮೆ ಒಪ್ಪಿಕೊಂಡರೆ ಅರ್ಧಮರ್ಧ ಒಪ್ಪುವವಳಲ್ಲ. ಮರುದಿನದಿಂದಲೇ ಶುರುವಾಯಿತು. ಸಂಜೆ ನಾನು ಚಹಾ ಕುಡಿಯುವ ಹೊತ್ತಿಗೆ ಫೋನು ತಂದು ಬಾಜು ಕೂಡುವಳು. ನಾವಿಬ್ಬರೂ ಅಕ್ಕಿ ಆರಿಸಿದ ಹಾಗೆ ಅಂದಿನದನ್ನೆಲ್ಲ ಆರಿಸುತ್ತಿದ್ದೆವು. ಇದು ಖರೇ, ಇದು ಸುಳ್ಳು, ಇದು ಹಳೇದು, ಇದು ಮಾರುವವರದು. ಕೆಲವು ದಿನಗಳಲ್ಲಿ ಅವಳೇ ನನಗಿಂತ ಚುರುಕಾದಳು. ತವರಿನ ಕಡೆಯ ಒಂದು ಮದುವೆಯ ಆಮಂತ್ರಣ ಫೋನಿನಲ್ಲಿ ಬಂದರೆ, ಇದು ಯಾರೋ ಕಿಡಿಗೇಡಿಗಳದು ಎಂದು ತೀರ್ಮಾನಿಸಿ ಸುಮ್ಮನಿದ್ದಳು. ಹುಡುಗಿಯ ತಾಯಿ ಬಾಗಿಲಿಗೆ ಬಂದು ಸಿಟ್ಟು ಮಾಡಿದ ಮೇಲೆಯೇ ಇಳಕಲ್ ಸೀರೆ ಹೊರಗೆ ಬಂದದ್ದು. ಮಾಮಾ ಕಳಿಸಿದ್ದರಲ್ಲಿ ಹೂವೊಂದನ್ನು ಬಿಟ್ಟು ಎಲ್ಲವನ್ನೂ ಸುಳ್ಳಿನ ಕಡೆಗೆ ಸರಿಸುತ್ತಿದ್ದಳು. ಭಜನೆಯ ಹೆಂಗಸರಿಗೆ, ನನ್ನ ಮಗಳು ಹೇಳದೆ ನಾನು ಏನೂ ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗಿದಳು. ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ ಕೌಂಟರಿಗೆ ಬಂದವರಿಗೂ ಅವಳದೇ ಉದಾಹರಣೆ ಕೊಡುತ್ತಿದ್ದೆ.

ಹೊಲದಲ್ಲಿ ಕಡಲೆ ಕೀಳುವ ಕಾಲ. ಲ್ಯಾಬಿನಲ್ಲಿ ಬೆಳಗಿನ ಗದ್ದಲ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಸಾಲಾಗಿ ನಿಂತಿದ್ದರು. ಮಾಮಾನ ಮಗ ಫೋನು ಮಾಡಿದ.

"ಅಕ್ಕಾ, ಅಪ್ಪ ಹೋದ."

ಹಾಲು ಹಿಂಡಿ, ಚಹಾ ಕುಡಿದು, ಕಟ್ಟೆಯ ಮೇಲೆ ಕೂತವನು ಹಾಗೇ ಕಂಬಕ್ಕೆ ಒರಗಿದನಂತೆ. ಎಬ್ಬಿಸಲು ಹೋದರೆ ಏನೂ ಇರಲಿಲ್ಲ. ಪುಣೆಯಿಂದ ಮಾಮಾನ ಮಗಳು ಬರಬೇಕು, ಮಣ್ಣು ಸಂಜೆಗೆ. ಈಗ ಸೋದರತ್ತೆಗೆ ಹೇಗೆ ಹೇಳುವುದು ಎಂದು ಹುಡುಗ ಬಿಕ್ಕಿ ಬಿಕ್ಕಿ ಕೇಳಿದ. ಹೋದ ಸಲ ಸುಳ್ಳು ಸುದ್ದಿಗೇ ತಲೆ ತಿರುಗಿ ಬಿದ್ದವಳು, ಇದನ್ನು ಹೇಗೆ ತಡೆದುಕೊಂಡಾಳು? ನಾನು ನಿಂತಲ್ಲೇ ತೀರ್ಮಾನ ಮಾಡಿದೆ. ಯಾರೂ ಅವಳಿಗೆ ಫೋನು ಮಾಡಬಾರದು. ಅವಳೇ ಮಾಡಿದರೂ ಎತ್ತಬಾರದು, ನಿಮ್ಮ ದನಿಯಲ್ಲೇ ಗೊತ್ತಾಗಿಬಿಡುತ್ತದೆ. ಅವಳು ಪೂಜೆ ಮುಗಿಸಿ, ಉಂಡು, ಗುಳಿಗೆ ತೆಗೆದುಕೊಳ್ಳಲಿ. ಆಮೇಲೆ ನಾನೇ ಹೋಗಿ ಎದುರಿಗೆ ಕೂತು ಹೇಳಿ, ಕರೆದುಕೊಂಡು ಬರುತ್ತೇನೆ. ಸಂಜೆಯವರೆಗೆ ಹೊತ್ತಿದೆಯಲ್ಲ.

ರಕ್ತದ ಸ್ಯಾಂಪಲ್ ಇಡುವ ಫ್ರಿಜ್ಜಿನ ಹಿಂದೆ ನಿಂತು ಒಂದಿಷ್ಟು ಅತ್ತೆ. ಮಾಮಾ ನನಗೆ ಸೈಕಲ್ ಕಲಿಸಿದವನು. ಆಮೇಲೆ ಮುಖ ತೊಳೆದುಕೊಂಡು ಬಳಗದವರಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದೆ. ಅಷ್ಟರಲ್ಲಿ ಊರ ಹುಡುಗರು ಮಾಮಾನ ಫೋಟೋಕ್ಕೆ ಮಾಲೆ, ಎರಡೂ ಬದಿಗೆ ದೀಪ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ ಎಲ್ಲ ಮಾಡಿ ಹರಿಬಿಟ್ಟಾಗಿತ್ತು. ಹೆಣ ಇನ್ನೂ ತಣ್ಣಗಾಗಿರಲಿಲ್ಲ. ತೆಗೆಯಿರಿ ಎಂದು ಬೇಡಿಕೊಂಡೆ, ಬೈದೆ. ಕೆಲವರು ತೆಗೆದರು. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಬರುತ್ತಿತ್ತು. ಅವ್ವ ನೋಡಿದರೂ ನಂಬುವುದಿಲ್ಲ ಬಿಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗೆ ಅಂದುಕೊಂಡದ್ದು ನನಗೆ ಸರಿಯಾಗಿ ನೆನಪಿದೆ, ಆ ಹೊತ್ತಿಗೆ ಅದು ಆಸರೆಯ ಹಾಗೆ ಇತ್ತು.

ಅವ್ವ ಉಣ್ಣುವ ಹೊತ್ತಿಗೆ ಫೋನು ಮಾಡಿದೆ. ದನಿ ನಡುಗಬಾರದೆಂದು ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡೆ.

"ಅವ್ವಾ, ಉಂಡ್ಯಾ?"

"ಇಲ್ಲ. ನನಗ ಏನರೆ ಹೇಳೂದೈತೇನು?"

"ಏನಿಲ್ಲವ್ವಾ. ಉಣ್ಣು, ಗುಳಿಗಿ ತಗೋ. ನಾ ಇವತ್ತ ಲಗೂ ಬರ್ತೇನಿ."

"ಏನೂ ಇಲ್ಲ, ಹೌದಲ್ಲ?"

"ಏನೂ ಇಲ್ಲ."

ಅವಳು ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಹಾಗಾದರೆ ಉಣ್ಣುತ್ತೇನೆ ಎಂದು ಫೋನಿಟ್ಟಳು. ನನಗೆ ಆ ದುಃಖದಲ್ಲೂ ಹಗುರವಾಯಿತು. ಅವ್ವ ಓಣಿಯವರಿಗೆ ಮಾಡುತ್ತಿದ್ದ ಹಾಗೆಯೇ ನಾನೂ ಅವ್ವನಿಗೆ ಮಾಡುತ್ತಿದ್ದೇನೆ ಅನ್ನಿಸಿತು. ಕೌಂಟರಿಗೆ ಬೇರೆಯವರು ಬಂದ ಕೂಡಲೇ ಬಸ್ ಹಿಡಿದೆ. ಹೇಗೆ ಶುರುಮಾಡುವುದು, ಕೈ ಯಾವಾಗ ಹಿಡಿದುಕೊಳ್ಳುವುದು ಎಂದು ಹಾದಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಬಾಗಿಲು ತೆಗೆದವಳ ಮುಖ ನೋಡಿ ನನಗೆ ದಿಕ್ಕು ತೋಚಲಿಲ್ಲ. ಅವ್ವ ನಗುತ್ತಿದ್ದಳು. ಅಂಥ ಸಡಗರದಲ್ಲಿ ಅವಳನ್ನು ನೋಡಿ ಬಹಳ ದಿನವಾಗಿತ್ತು. ನಾನು ಚಪ್ಪಲಿ ಬಿಡುವುದರೊಳಗೆ ಫೋನು ತಂದು ಮುಖಕ್ಕೆ ಹಿಡಿದಳು.

"ನೋಡಿಲ್ಲಿ, ಈ ಹುಚ್ಚುಗಳು ಇವತ್ತ ನನ್ನ ತಮ್ಮಗ ಮಾಲಿ ಹಾಕ್ಯಾವ. ಮುಂಜಾನೆ ನೋಡಿ ನನ್ನ ಎದಿ ಧಸಕ್ ಅಂತು. ಅವಗ ಫೋನ್ ಹಚ್ಚಿದ್ನಿ, ಎತ್ತಲಿಲ್ಲ. ನಸಿಕಿನ್ಯಾಗ ಹೂವ ಕಳಿಸ್ಯಾನ, ಹೊಲಕ್ಕ ಹೋಗಿರಬೇಕು ಅಂದ್ನಿ. ಖರೇ ಇದ್ದರ ನನ್ನ ಮಗಳು ಹೇಳೂದಿಲ್ಲೇನು ಅಂತ ನಿನ್ನ ಫೋನಿನ ಹಾದಿ ಕಾಯ್ಕೋತ ಕುಂತಿದ್ನಿ. ನೀ ಏನಿಲ್ಲ ಅಂದಿ ನೋಡು, ಹೋದ ಜೀವ ಬಂತು. ಹೊಟ್ಟಿ ತುಂಬ ಉಂಡ್ನಿ."

ನಾನು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. ಅವಳು ಬೆಳಗಿನಿಂದ ಸುದ್ದಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೌದೋ ಅಲ್ಲವೋ ಎಂದು ಕೇಳಲು ನನ್ನೊಬ್ಬಳನ್ನೇ ಕಾಯುತ್ತ ಕೂತಿದ್ದಳು. ಕೇಳಿದ್ದಳು ಸಹ, ಎರಡು ಸಲ. ಎರಡು ಸಲವೂ ನಾನು ಇಲ್ಲ ಎಂದಿದ್ದೆ.

"ಅವ್ವಾ," ಎಂದೆ, "ಅದು ಖರೇ ಐತಿ. ಮಾಮಾ ಹೋದ."

ಅವಳ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. ಫೋನು ನೋಡಿದಳು, ನನ್ನನ್ನು ನೋಡಿದಳು. "ನೀ ಏನಿಲ್ಲ ಅಂದ್ಯಲ್ಲ," ಎಂದಳು, ಸಿಟ್ಟಿಲ್ಲದೆ, ಗೊತ್ತಾಗದವಳ ಹಾಗೆ. ನೀನು ಉಣ್ಣಲಿ ಅಂತ ಎಂದು ನಾನು ತೊದಲಿದೆ. ಅಷ್ಟು ಹೇಳಿದ್ದೇ ಅವಳಿಗೆ ಎಲ್ಲ ತಿಳಿಯಿತು. ಬೈದಿದ್ದರೆ, ಬಾಯಿ ಬಡಿದುಕೊಂಡು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ತಲೆ ಆಡಿಸಿ, ಹೌದು, ಉಣ್ಣಬೇಕಲ್ಲ ಎಂದಳು. ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು. ನೀರು ಸುರಿಯುವ ಸಪ್ಪಳ ನಿಲ್ಲಲೇ ಇಲ್ಲ, ಕೊನೆಗೆ ನಾನೇ ಹೋಗಿ ತಂಬಿಗೆ ಕಸಿದುಕೊಂಡೆ.

ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ಧಾರವಾಡದ ಹೆಬ್ಬಳ್ಳಿ ಅಗಸಿ ದಾಟಿದೆವು. ಆಮೇಲೆ, ಎರಡೂ ಕಡೆ ಹೊಲ ಶುರುವಾದಾಗ, ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ಅವ ಅಲ್ಲಿ ಸತ್ತು ಕುಂತಾನ, ನಾ ಇಲ್ಲಿ ನಕ್ಕೋತ ಉಣ್ಣಾಕತ್ತಿದ್ನಿ." ನಾನು ಅವಳ ಕೈ ಹಿಡಿಯಲು ಹೋದೆ. ಕೈ ಕೊಟ್ಟಳು, ಆದರೆ ಅದರಲ್ಲಿ ಜೀವ ಇರಲಿಲ್ಲ.

ಮಾಮಾನಿಗೆ ಆಗಲೇ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ತಲೆಗೆ ಪಟಗಾ ಸುತ್ತಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಸುತ್ತ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಬೆಳಗಾವಿಯ ನೆಂಟರು ಸಹ ಬಂದಾಗಿತ್ತು. ಮೈಲಿಗಟ್ಟಲೆ ಹಾದಿ ಹಾದು ಬಂದವರ ನಡುವೆ ದಾರಿ ಬಿಡಿಸಿಕೊಂಡು, ಕೂಗಳತೆಯಷ್ಟು ಹತ್ತಿರದ ಊರಿನಲ್ಲಿದ್ದ ಒಡಹುಟ್ಟಿದ ಅಕ್ಕ ಕೊನೆಗೆ ಒಳಗೆ ಹೋದಳು. ಈಗ ಬಂದೆಯಾ ಎಂದು ಒಬ್ಬ ಮುದುಕಿ ಕೇಳಿದಳು. ಕೇಳುವ ಧಾಟಿಯಲ್ಲಿ ಕೊಂಕು ಇತ್ತು.

"ನನಗ ಯಾರೂ ಹೇಳಲಿಲ್ಲವ್ವಾ," ಎಂದಳು ಅವ್ವ.

ಅದು ಖರೇ ಮಾತು. ಊರಿಗೆಲ್ಲ ಗೊತ್ತಿದ್ದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವಳು ತಮ್ಮನ ಗದ್ದ ಹಿಡಿದು ಅತ್ತ ಅಳು ಹೇಳಲಾರೆ. ವಿಭೂತಿ ಹಚ್ಚುವಾಗ ನಾನಿರಬೇಕಾಗಿತ್ತೋ ನನ್ನಪ್ಪಾ, ಎಂದು ಅದೊಂದನ್ನೇ ಮತ್ತೆ ಮತ್ತೆ ಹಾಡಿಕೊಂಡು ಅತ್ತಳು. ಅಂಗಳದಲ್ಲಿ ಮಾಮಾನ ಮಗ ನನ್ನನ್ನು ಬದಿಗೆ ಕರೆದ. ಮುಂಜಾನೆ ಅಪ್ಪನ ಫೋನು ಅವನ ಹೆಣದ ಬಾಜುವೇ ಬಡಿದುಕೊಳ್ಳುತ್ತಿತ್ತು ಅಕ್ಕಾ, ಪರದೆಯ ಮೇಲೆ ಸೋದರತ್ತೆಯ ಮುಖ ಬರುತ್ತಿತ್ತು, ನೀ ಹೇಳಿದ್ದಿ ಅಂತ ನಾವು ಯಾರೂ ಎತ್ತಲಿಲ್ಲ, ನೋಡುತ್ತ ಕೂತಿದ್ದೆವು ಎಂದ. ಅವನು ದೂರಿದ್ದಲ್ಲ. ಹೇಳಿ ಹಗುರಾಗಬೇಕಿತ್ತು ಅಷ್ಟೇ.

ಆಮೇಲೆ ಇದನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ ಬಂದದ್ದನ್ನು ನಂಬಬೇಡ ಎಂದು ಕಲಿಸಿದ್ದು ಸರಿಯೇ. ಉಂಡ ಮೇಲೆ ಹೇಳಬೇಕೆಂದು ತಡೆದದ್ದೂ ಸರಿಯೇ, ಅವಳಿಂದಲೇ ಕಲಿತದ್ದು. ಆದರೆ ಅವ್ವ ಸುದ್ದಿಯನ್ನು ತಡೆದು ಹಿಡಿಯುತ್ತಿದ್ದ ಕಾಲದಲ್ಲಿ ಸುದ್ದಿ ಇರುತ್ತಿದ್ದದ್ದು ಅವಳೊಬ್ಬಳ ಕೈಯಲ್ಲಿ. ನಾನು ಮುಚ್ಚಿಟ್ಟದ್ದು ಊರೆಲ್ಲ ಬಯಲಾಗಿ ಬಿದ್ದದ್ದನ್ನು. ನಾನೊಬ್ಬಳೇ ಖರೇ ಹೇಳುವವಳು ಎಂದು ಅವಳನ್ನು ನಂಬಿಸಿದ ಮೇಲೆ, ಒಂದು ತಾಸಿನ ಮಟ್ಟಿಗೂ ನನಗೆ ಸುಳ್ಳು ಹೇಳುವ ಹಕ್ಕು ಇರಲಿಲ್ಲ. ಇದು ಎಷ್ಟು ಸರಳ ಮಾತು! ಅಷ್ಟು ಜನರಿಗೆ ಬುದ್ಧಿ ಹೇಳುವ ನನ್ನ ತಲೆಗೆ ಆ ದಿನ ಹೊಳೆಯಲಿಲ್ಲ.

ಅವ್ವ ನನ್ನ ಮೇಲೆ ಸಿಟ್ಟು ಮಾಡಿಕೊಂಡಿಲ್ಲ. ಕೇಳಿದರೆ, ನಿನ್ನದೇನು ತಪ್ಪು, ನಾನಿದ್ದರೂ ಹಾಗೇ ಮಾಡುತ್ತಿದ್ದೆ ಎನ್ನುತ್ತಾಳೆ. ಆದರೆ ಸಂಜೆ ಫೋನು ತೆಗೆದುಕೊಂಡು ನನ್ನ ಬಾಜು ಬಂದು ಕೂಡುವುದಿಲ್ಲ. ಬಂದದ್ದನ್ನೆಲ್ಲ ತಾನೇ ನೋಡುತ್ತಾಳೆ, ಖರೇಯೋ ಸುಳ್ಳೋ ಎಂದು ಯಾರನ್ನೂ ಕೇಳುವುದಿಲ್ಲ. ನಾನು ಚಹಾ ಒಬ್ಬಳೇ ಕುಡಿಯುತ್ತೇನೆ.

ಹೋದ ವಾರ ಲ್ಯಾಬಿನಲ್ಲಿ ಗದ್ದಲ ಕಡಿಮೆ ಇತ್ತು. ಸುಮ್ಮನೆ ಅವಳ ನೆನಪಾಗಿ ಮಧ್ಯಾಹ್ನ ಫೋನು ಹಚ್ಚಿದೆ. ಉಂಡೆಯಾ ಎಂದು ಕೇಳಿದೆ.

"ಯಾರು ಹೋದ್ರು?" ಎಂದಳು ಅವ್ವ.

ಯಾರೂ ಇಲ್ಲ, ಸುಮ್ಮನೆ ಕೇಳಿದೆ ಎಂದೆ. ದೇವರಾಣೆ ಎಂದೆ. ಆಯಿತು ಬಿಡು ಎಂದು ಫೋನಿಟ್ಟಳು. ಸಂಜೆ ನಾನು ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು, ನನ್ನ ಮುಖವನ್ನೇ ನೋಡುತ್ತ. ಒಳಗೆ ತಾಟು ಹಾಕಿದ್ದು ಹಾಕಿದ ಹಾಗೇ ಇತ್ತು.